ದೇಶಾವರಿ ನಗು ಬೇಡ ಎಂದ ಅಪ್ಪ

ನಾನು ಚಿಕ್ಕವನಿದ್ದಾಗ ಒಂದು ಸಲ ನಗುವುದಕ್ಕೆ ಮೂರು ದಿನ ತಯಾರಿ ಮಾಡಿದ್ದೆ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ಬೇಡ, ಕೇಳಿ. ನಮ್ಮ ಚಾವಡಿಯ ಗೋಡೆಯಲ್ಲಿ ಒಂದು ಹಳೆಯ ಕಪ್ಪು ಬಿಳುಪು ಫೋಟೋ ಇದೆಯಲ್ಲ, ಕಳೆದ ರಜೆಯಲ್ಲಿ ನೀವು ಅದರ ಮುಂದೆ ನಿಂತು, "ಅಜ್ಜಾ, ಇದರಲ್ಲಿ ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಒಬ್ಬರ ಕೈ ಬೇರೆ ಮಸುಕಾಗಿದೆ, ಡಿಲೀಟ್ ಮಾಡಬೇಕಿತ್ತು" ಎಂದು ತೀರ್ಪು ಕೊಟ್ಟಿರಲ್ಲ, ಆ ಫೋಟೋ ತೆಗೆದ ದಿನದ ಕಥೆ ಇದು. ಮೊದಲು ಕಥೆ ಕೇಳಿ, ಡಿಲೀಟ್ ಮಾಡುವ ಮಾತು ಆಮೇಲೆ ಆಡೋಣ.

ಅದು ಎಪ್ಪತ್ತರ ದಶಕ. ನಮ್ಮ ಮನೆ ಕಾಪುವಿನಲ್ಲಿ, ಅಂಗಳದಲ್ಲಿ ನಿಂತರೆ ದೀಪಸ್ತಂಭದ ತುದಿ ಕಾಣುವಷ್ಟು ಸಮುದ್ರಕ್ಕೆ ಹತ್ತಿರದಲ್ಲಿತ್ತು. ಮನೆಯಲ್ಲಿ ನಾವು ನಾಲ್ವರು: ಅಜ್ಜಿ, ಅಮ್ಮ, ಹದಿನಾರು ವರ್ಷದ ಅಕ್ಕ ಮತ್ತು ಎಂಟು ವರ್ಷದ ನಾನು. ಅಪ್ಪ ಬೊಂಬಾಯಿಯ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಉಳಿದ ದಿನಗಳಲ್ಲಿ ಅಪ್ಪ ಎಂದರೆ ನಮಗೆ ತಿಂಗಳಿಗೊಂದು ಪತ್ರ.

ನವರಾತ್ರಿ ಮುಗಿದ ಮೇಲೆ ಬಂದ ಪತ್ರವನ್ನು ಅಮ್ಮ ಎಂದಿನಂತೆ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಓದತೊಡಗಿದರು. ಅರ್ಧಕ್ಕೆ ಬಂದಾಗ ಅವರ ಸ್ವರ ಸಣ್ಣದಾಯಿತು. ಅಪ್ಪನಿಗೆ ದುಬೈಯ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತ್ತು. ವೀಸಾ ತಟ್ಟನೆ ಬಂದುಬಿಟ್ಟಿದ್ದರಿಂದ ಊರಿಗೆ ಬಂದುಹೋಗಲು ಸಮಯವಿರಲಿಲ್ಲ. ಇನ್ನು ಹತ್ತು ದಿನದಲ್ಲಿ ಹೊರಟರೆ ಮೂರು ವರ್ಷ ಕಳೆದೇ ಮುಖ ನೋಡುವುದು. ಪತ್ರದ ಕೊನೆಯಲ್ಲಿ ಅಪ್ಪ ಹೀಗೆ ಬರೆದಿದ್ದರು: "ಹೋಗುವ ಮೊದಲು ನಿಮ್ಮೆಲ್ಲರ ಒಂದು ಫೋಟೋ ಬೇಕು. ಹೋದ ವರ್ಷ ಮದುವೆ ಮನೆಯಲ್ಲಿ ತೆಗೆಸಿ ಕಳಿಸಿದ ಫೋಟೋದಲ್ಲಿ ಎಲ್ಲರದ್ದೂ ದೇಶಾವರಿ ನಗು. ನಾನಿಲ್ಲಿ ಬೆಳಗಿನಿಂದ ಹೋಟೆಲು ಮುಚ್ಚುವವರೆಗೆ ಅದನ್ನೇ ನಗುತ್ತೇನೆ. ಬಂದವರೂ ಅದನ್ನೇ ನಕ್ಕು ಹೋಗುತ್ತಾರೆ. ಪೆಟ್ಟಿಗೆಯಲ್ಲಿಯೂ ಅದನ್ನೇ ಇಟ್ಟುಕೊಂಡು ಹೋಗಲು ಮನಸ್ಸಿಲ್ಲ. ನಿಜವಾಗಿ ನಗುವ ಒಂದು ಫೋಟೋ ಕಳಿಸಿ."

ಪಕ್ಕದ ಮನೆಯ ಅಣ್ಣ ಅಪ್ಪನ ಹೋಟೆಲಿನಲ್ಲಿಯೇ ಕೆಲಸ ಮಾಡುತ್ತಿದ್ದವನು, ರಜೆಯಲ್ಲಿ ಊರಿಗೆ ಬಂದಿದ್ದ. ಶನಿವಾರ ಸಂಜೆ ಐದು ಗಂಟೆಗೆ ಉಡುಪಿಯಿಂದ ಹೊರಡುವ ಬೊಂಬಾಯಿ ಬಸ್ಸಿನಲ್ಲಿ ಅವನು ವಾಪಸು ಹೋಗುವವನಿದ್ದ. ಫೋಟೋ ಅವನ ಕೈಯಲ್ಲಿಯೇ ಹೋಗಬೇಕಾಗಿತ್ತು. ಅಂಚೆಯನ್ನು ನಂಬಿ ಕೂತರೆ ಫೋಟೋ ಬೊಂಬಾಯಿ ತಲುಪುವಾಗ ಅಪ್ಪ ವಿಮಾನ ಹತ್ತಿರುತ್ತಿದ್ದರು.

ನನಗೆ ಇದ್ದ ತೊಂದರೆ ಬೇರೆ. ದೇಶಾವರಿ ನಗು ಎಂದರೆ ಎಂತದು? ನಾವು ಮನೆಯಲ್ಲಿ ತುಳು ಮಾತಾಡುವವರು. ಕನ್ನಡ ಇದ್ದದ್ದು ಶಾಲೆಯಲ್ಲಿ ಮತ್ತು ಅಪ್ಪನ ಪತ್ರದಲ್ಲಿ. ಅಕ್ಕನನ್ನು ಕೇಳಿದರೆ ಅವಳು ತಿಳಿದವಳ ಹಾಗೆ ತಲೆ ಕುಣಿಸಿದಳು, ಹೇಳಲಿಲ್ಲ. ಮರುದಿನ ಶಾಲೆಯಲ್ಲಿ ಕನ್ನಡದ ಮಾಸ್ಟ್ರನ್ನೇ ಕೇಳಿದೆ. ಅವರಿಗೆ ಪ್ರಶ್ನೆ ಎಷ್ಟು ಇಷ್ಟವಾಯಿತೆಂದರೆ ಲೆಕ್ಕದ ಪೀರಿಯಡ್ ಶುರುವಾದರೂ ಅವರು ಕ್ಲಾಸು ಬಿಟ್ಟು ಹೋಗಲಿಲ್ಲ.

"ದೇಶಾವರ ಅಂದರೆ ಪರಸ್ಥಳ, ದೂರದ ಊರು" ಎಂದರು ಮಾಸ್ಟ್ರು. "ಗುರುತು ಪರಿಚಯ ಇಲ್ಲದ ಊರಿನಲ್ಲಿ ವ್ಯಾಪಾರಕ್ಕೆ ಕೂತವನು ಬಂದವರನ್ನೆಲ್ಲ ನೋಡಿ ನಗಬೇಕಾಗುತ್ತದೆ ಅಲ್ವಾ? ಅದರಲ್ಲಿ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ. ಬಾಯಿ ನಗುತ್ತಾ ಇರುತ್ತದೆ, ಕಣ್ಣು ಬೇರೆ ಕೆಲಸದಲ್ಲಿ ಇರುತ್ತದೆ. ಅದು ದೇಶಾವರಿ ನಗು." ಆಮೇಲೆ ಅವರು ಬಾಯಿಯಿಂದ ನಗುತ್ತಾ, ಕಣ್ಣಿನಿಂದ ಹಿಂದಿನ ಬೆಂಚಿನವನ ತುಂಟಾಟ ನೋಡುತ್ತಾ ಅದನ್ನು ಮಾಡಿಯೂ ತೋರಿಸಿದರು. ಹಿಂದಿನ ಬೆಂಚಿನವನು ಮೋಸಹೋಗಿ ತಾನೂ ನಕ್ಕು ಪೆಟ್ಟು ತಿಂದ.

ನನಗೆ ಹೊಸ ಪದ ಸಿಕ್ಕಿತು ಎಂದರೆ ಹೊಸ ಚಡ್ಡಿ ಸಿಕ್ಕಿದಷ್ಟೇ ಖುಷಿ. ಅವತ್ತು ಮನೆಗೆ ಓಡಿಬಂದು ಎಲ್ಲರಿಗೂ ಅರ್ಥ ಹೇಳಿದೆ. ಹೇಳಿದ್ದೇ ತಪ್ಪಾಯಿತು. ನಿಜವಾದ ನಗುವನ್ನು ಕಲಿಯಬೇಕೆಂದು ಅಕ್ಕ ಹಟ ಹಿಡಿದಳು. ಚಾವಡಿಯ ಕಂಬಕ್ಕೆ ಅಂಗೈಯಗಲದ ಕನ್ನಡಿ ನೇತುಹಾಕಿ ನಮಗೆಲ್ಲ ಪಾಠ ಶುರುಮಾಡಿದಳು. ಹಲ್ಲು ಕಾಣಬೇಕು, ಆದರೆ ಎಲ್ಲಾ ಹಲ್ಲು ಕಾಣಬಾರದು. ಕಣ್ಣು ಸಣ್ಣದಾಗಬೇಕು, ಆದರೆ ಮುಚ್ಚಬಾರದು. ಅಮ್ಮ ಒಲೆಯ ಮುಂದೆ ಕೂತು ತೆಂಗಿನಕಾಯಿ ತುರಿಯುತ್ತಾ ತುರಿಮಣೆಯನ್ನು ನೋಡಿ ನಗುವುದನ್ನು ನಾನೇ ಕಂಡಿದ್ದೇನೆ. ಎಲೆಯಡಿಕೆಯಿಂದ ಕೆಂಪಾಗಿದ್ದ ನಾಲ್ಕು ಹಲ್ಲುಗಳ ಅಜ್ಜಿ ಮಾತ್ರ ಕನ್ನಡಿಯ ಹತ್ತಿರ ಬರಲಿಲ್ಲ. "ನಾನು ನಕ್ಕ ಫೋಟೋ ನೋಡಿದರೆ ನನ್ನ ಮಗ ಹೆದರಿ ಹತ್ತು ದಿನ ಮೊದಲೇ ದುಬೈಗೆ ಓಡುತ್ತಾನೆ" ಎಂದರು.

ನನ್ನ ಕಷ್ಟ ಅಜ್ಜಿಯದ್ದಕ್ಕಿಂತ ದೊಡ್ಡದು. ನನ್ನ ಮೇಲಿನ ಎದುರು ಹಲ್ಲುಗಳೆರಡೂ ಬಿದ್ದು ತಿಂಗಳಾಗಿತ್ತು, ಹೊಸದು ಬಂದಿರಲಿಲ್ಲ. ಕ್ಲಾಸಿನಲ್ಲಿ ನನ್ನನ್ನು "ಗೇಟಿಲ್ಲದ ಕಂಪೌಂಡು" ಎಂದು ಕರೆಯುತ್ತಿದ್ದರು. ಈ ಬಾಯಿ ಸಮುದ್ರ ದಾಟಿ ದುಬೈಗೆ ಹೋಗುವುದು ನನಗೆ ಬಿಲ್‌ಕುಲ್ ಇಷ್ಟವಿರಲಿಲ್ಲ. ಹಾಗಾಗಿ ನಾನು ತುಟಿ ಬಿಗಿದು, ಕೆನ್ನೆ ಉಬ್ಬಿಸಿ ನಗುವುದನ್ನು ಅಭ್ಯಾಸ ಮಾಡಿದೆ. ಮೂರು ದಿನದಲ್ಲಿ ಅದು ಚೆನ್ನಾಗಿಯೇ ಕೈವಶವಾಯಿತು.

ಶನಿವಾರ ಶಾಲೆಗೆ ರಜೆ ಹಾಕಿದೆ. ಬೆಳಿಗ್ಗೆಯೇ ಮಿಂದು, ಎಣ್ಣೆ ಹಾಕಿ ತಲೆ ಬಾಚಿ ನಾವು ನಾಲ್ವರೂ ಬಸ್ಸು ಹತ್ತಿದೆವು. ಅಕ್ಕ ಹೊಸ ರವಕೆ ಹಾಕಿದ್ದಳು. ಹಿಂದಿನ ಸಲ ಅಪ್ಪ ತಂದಿದ್ದ ಬಟ್ಟೆಯನ್ನು ಎರಡು ವರ್ಷ ಪೆಟ್ಟಿಗೆಯಲ್ಲಿಟ್ಟು, ಹೊಲಿಗೆ ಕಲಿತ ಮೇಲೆ ತಾನೇ ಹೊಲಿದದ್ದು. ಬುಗ್ಗೆ ತೋಳು, ಕೊರಳಿಗೆ ಸಣ್ಣ ಲೇಸು. ತೋಳು ಸುಕ್ಕಾಗಬಾರದೆಂದು ದಾರಿಯುದ್ದಕ್ಕೂ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡೇ ಕೂತಿದ್ದಳು. ಆ ರವಕೆಯನ್ನು ಅಪ್ಪ ಫೋಟೋದಲ್ಲಿ ನೋಡಬೇಕು ಎಂಬುದೇ ಅವಳ ಆಸೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಕಿಟಕಿಯ ಪಕ್ಕ. ಕಟಪಾಡಿಯಲ್ಲಿ ಮಲ್ಲಿಗೆಯ ಬುಟ್ಟಿಗಳು ಹತ್ತಿದವು, ಬಸ್ಸಿನ ತುಂಬ ಶಂಕರಪುರದ ಮಲ್ಲಿಗೆಯ ಪರಿಮಳ. ಅದರ ಹಿಂದೆಯೇ ಮೀನಿನ ಬುಟ್ಟಿಯೂ ಹತ್ತಿತು, ಪರಿಮಳದ ಕಥೆ ಮುಗಿಯಿತು. ಉದ್ಯಾವರದ ಸಂಕದ ಮೇಲೆ ಬಸ್ಸು ಹೋಗುವಾಗ ಹೊಳೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ನನಗೆ ಮಾತ್ರ ಇದು ಯಾವುದೂ ಮುಖ್ಯವಾಗಿರಲಿಲ್ಲ. ನಾನು ದೇಶಾವರಿ ನಗುವಿನ ಬೇಟೆಯಲ್ಲಿದ್ದೆ. ಮೀನಿನ ಬುಟ್ಟಿಯವರಿಗೆ ಜಾಗ ಕೊಡಿ ಎಂದು ಕಂಡಕ್ಟರ್ ನಗುತ್ತಾ ಹೇಳಿದ, ಕಣ್ಣು ಟಿಕೇಟು ಪುಸ್ತಕದಲ್ಲಿತ್ತು. "ಅಮ್ಮಾ, ಅದು ದೇಶಾವರಿ!" ಎಂದು ಕೂಗಿದೆ. ಅಮ್ಮ ನನ್ನ ತೊಡೆ ಚಿವುಟಿದರು. ಉಡುಪಿಯಲ್ಲಿ ಇಳಿದ ಮೇಲೆ ಸೀರೆಯಂಗಡಿಯವರು "ಬನ್ನಿ ಬನ್ನಿ" ಎಂದು ನಕ್ಕರು, ಅದೂ ದೇಶಾವರಿ. ಗುರುತಿನ ಹೆಂಗಸೊಬ್ಬರು ಅಮ್ಮನನ್ನು ಕಂಡು ನಕ್ಕು, ಮಾತಿಗೆ ನಿಲ್ಲದೆ ಜಾರಿದರು. ಅದಂತೂ ಶುದ್ಧ ದೇಶಾವರಿ. ಸ್ಟುಡಿಯೋ ಮುಟ್ಟುವಾಗ ನನ್ನ ಲೆಕ್ಕ ಹನ್ನೊಂದಾಗಿತ್ತು, ತೊಡೆಯಲ್ಲಿ ಚಿವುಟಿದ ಗುರುತು ನಾಲ್ಕು.

ಸ್ಟುಡಿಯೋ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಡದ ಮಾಳಿಗೆಯಲ್ಲಿತ್ತು. ಮರದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟರೆ ಪೌಡರಿನ ಪರಿಮಳ ಮತ್ತು ಹುಳಿ ಹುಳಿಯಾದ ಔಷಧದ ವಾಸನೆ ಒಟ್ಟಿಗೆ ಬಂತು. ಒಂದು ಗೋಡೆಗೆ ಪರದೆ. ಅದರಲ್ಲಿ ಅರಮನೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಹಂಸ. ಮೂಲೆಯಲ್ಲಿ ಗಿರಾಕಿಗಳಿಗೆಂದೇ ಇಟ್ಟ ಕಪ್ಪು ಕೋಟು, ಟೊಪ್ಪಿ, ಬಾಚಣಿಗೆ. ನಡುವೆ ಮೂರು ಕಾಲಿನ ಮೇಲೆ ಮರದ ಪೆಟ್ಟಿಗೆಯಂಥ ಕ್ಯಾಮೆರಾ, ಅದರ ಬೆನ್ನಿಗೆ ಕಪ್ಪು ಬಟ್ಟೆ. ಗೋಡೆಯ ತುಂಬ ಗಾಜು ಹಾಕಿದ ಫೋಟೋಗಳು. ಮದುಮಕ್ಕಳು, ದಂಪತಿಗಳು, ಪದವಿಯ ಟೊಪ್ಪಿಯವರು, ಎಲ್ಲರೂ ಒಂದೇ ತರಹ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. "ಅಯ್ಯೋ ದೇವರೇ, ಇದೆಲ್ಲಾ ದೇಶಾವರಿಯೇ!" ಎಂದೆ.

ಫೋಟೋದವರು ಅಲ್ಲಿಯೇ ನಿಂತಿದ್ದರು. ದಪ್ಪ ಕನ್ನಡಕ, ಬೆರಳ ತುದಿಗಳು ಔಷಧ ತಾಗಿ ಕಂದು. ಅಮ್ಮ ನಾಚಿಕೆಯಿಂದ ನೆಲ ನೋಡಿದರು. ಬೇರೆ ದಾರಿ ಕಾಣದೆ ಅಪ್ಪನ ಪತ್ರವನ್ನೇ ಅವರ ಕೈಗೆ ಕೊಟ್ಟರು. ಅವರು ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಹುಡುಗ ಹೇಳಿದ್ದರಲ್ಲಿ ತಪ್ಪೆಂತ ಉಂಟು?" ಎಂದರು. "ಇಪ್ಪತ್ತು ವರ್ಷದಿಂದ ನಾನು 'ಸ್ಮೈಲ್' ಅಂತೇನೆ, ಅವರು ಹಲ್ಲು ತೋರಿಸುತ್ತಾರೆ. ಆದರೆ ಅಮ್ಮ, ಒಂದು ವಿಷಯ. ಪ್ಲೇಟು ಇರುವುದು ಎರಡೇ. ಮಂಗಳೂರಿನಿಂದ ಹೊಸದು ಬರುವುದು ಸೋಮವಾರ."

ಪ್ಲೇಟು ಎಂದರೆ ಫೋಟೋ ಮೂಡುವ ಗಾಜು. ಎರಡು ಪ್ಲೇಟು ಇದ್ದರೆ ಎರಡೇ ಫೋಟೋ. ಅದರಲ್ಲಿ ಒಂದಾದರೂ ನಿಜವಾದ ನಗು ಆಗಬೇಕು.

ಅಜ್ಜಿಯನ್ನು ನಡುವೆ ಕುರ್ಚಿಯಲ್ಲಿ ಕೂರಿಸಿದರು. ಹಿಂದೆ ಅಮ್ಮ, ಬಲಕ್ಕೆ ಅಕ್ಕ, ಎಡಕ್ಕೆ ನಾನು. ಫೋಟೋದವರು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ್ದೇ ಅಜ್ಜಿ ಗಾಬರಿಯಾಗಿ, "ಇವರಿಗೆ ಕಣ್ಣು ನೋವೆಂತ? ಬೆಳಕು ಆಗುವುದಿಲ್ಲವಾ?" ಎಂದು ಅಮ್ಮನನ್ನು ಕೇಳಿದರು. ಅಮ್ಮ "ಶ್ಶ್" ಎಂದರು. ಫೋಟೋದವರು ಹೊರಬಂದು, ಪ್ಲೇಟು ಹಾಕಿ, ಒತ್ತಿದರೆ ಫೋಟೋ ಬೀಳುವ ರಬ್ಬರಿನ ಗುಂಡು ಕೈಯಲ್ಲಿ ಹಿಡಿದು, "ರೆಡಿ" ಎಂದರು. ನಾವು ಮೂರು ದಿನ ಕಲಿತ ಪಾಠವನ್ನೆಲ್ಲ ಒಮ್ಮೆಲೇ ಒಪ್ಪಿಸಿದೆವು. ನನ್ನ ಕೆನ್ನೆ ಉಬ್ಬಿತು. ಅಮ್ಮ ತುರಿಮಣೆಗೆ ನಕ್ಕ ಹಾಗೆ ನಕ್ಕರು. ಅಕ್ಕನ ಕಣ್ಣು ಸಣ್ಣದಾಯಿತು, ಮುಚ್ಚಲಿಲ್ಲ. ಗುಂಡು ಒತ್ತಿದ ಸದ್ದು ಬಂತು.

"ಹೇಗೆ ಬಂತು?" ಎಂದು ಅಕ್ಕ ಕೇಳಿದಳು. ಫೋಟೋದವರು ಗೋಡೆಯ ಮೇಲಿನ ಫೋಟೋಗಳತ್ತ ಕೈ ತೋರಿಸಿ, "ಅವರ ಪಕ್ಕದಲ್ಲಿ ತೂಗುಹಾಕಬಹುದು" ಎಂದರು. ಅಕ್ಕನ ಮುಖ ಬಾಡಿತು. ಹನ್ನೊಂದನ್ನು ಹಿಡಿದ ನಾನೇ ಹನ್ನೆರಡನೆಯದಾಗಿದ್ದೆ.

ಫೋಟೋದವರು ಅಕ್ಕನನ್ನು ಕೇಳಿದರು: "ಅಪ್ಪ ಊರಿಗೆ ಬಂದಾಗ ಮೊದಲು ಎಂತ ಮಾಡುತ್ತಾರೆ ಮಗಳೇ?"

ಅದಕ್ಕೆ ನಾವೆಲ್ಲರೂ ಒಟ್ಟಿಗೆ ಉತ್ತರ ಹೇಳಿದೆವು: ತಲೆ ಬಡಿಸಿಕೊಳ್ಳುತ್ತಾರೆ! ನಮ್ಮ ಮನೆಯ ಬಾಗಿಲಿನ ದಾರಂದ, ಎಂದರೆ ಚೌಕಟ್ಟು, ಬಹಳ ತಗ್ಗು. ಬೊಂಬಾಯಿಯ ದೊಡ್ಡ ಬಾಗಿಲುಗಳ ಅಭ್ಯಾಸವಾದ ಅಪ್ಪ ಪ್ರತಿಸಲ ಬಂದ ಕೂಡಲೇ ಅದಕ್ಕೆ ಹಣೆ ಬಡಿಸಿಕೊಳ್ಳುತ್ತಿದ್ದರು. ಆಮೇಲೆ ಹಣೆ ಹಿಡಿದು ಬಾಗಿಲನ್ನೇ ಬೈಯುತ್ತಿದ್ದರು. ಅಜ್ಜಿ ಒಳಗಿನಿಂದ ಓಡಿಬಂದು ಮಗನನ್ನು ನೋಡುವ ಮೊದಲು ದಾರಂದ ಬಿರುಕು ಬಿಟ್ಟಿತೋ ಎಂದು ಸವರಿ ನೋಡುತ್ತಿದ್ದರು. ಗಟ್ಟಿ ಹಲಸಿನ ಮರದ ದಾರಂದ ಅದು, ಅಜ್ಜ ಮಾಡಿಸಿದ್ದು.

"ಹಾಗಾದರೆ ಒಮ್ಮೆ ಅಪ್ಪ ಬರಲಿ" ಎಂದರು ಫೋಟೋದವರು. ಅಕ್ಕನಿಗೆ ಕೋಟು ತೊಡಿಸಿ ಟೊಪ್ಪಿ ಇಟ್ಟರು. "ನೀನು ಬಲಬದಿಯ ಆ ಕತ್ತಲೆ ಕೋಣೆಯೊಳಗೆ ಹೋಗಿ ಅಪ್ಪನ ಹಾಗೆ ಹೊರಗೆ ಬಾ. ಇವರ ಮನಸ್ಸು ಸಡಿಲಾಗುತ್ತದೆ. ಆಮೇಲೆ ಕೋಟು ತೆಗೆದು ನಿನ್ನ ಜಾಗದಲ್ಲಿ ಬಂದು ನಿಲ್ಲು. ಆಗ ತೆಗೆಯುವ." ಅಷ್ಟರಲ್ಲಿ ಅವರು ಎರಡನೆಯ ಪ್ಲೇಟು ಹಾಕಿ ತಯಾರಾಗಿಯೇ ನಿಂತರು.

ಅಕ್ಕ ಫೋಟೋ ತೊಳೆಯುವ ಆ ಕೋಣೆಯೊಳಗೆ ಹೋದಳು. ಆಮೇಲೆ ಅಪ್ಪನ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಾ, ಎದೆ ಉಬ್ಬಿಸಿ, ಇಲ್ಲದ ಪೆಟ್ಟಿಗೆಯನ್ನು ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದಳು. ತಲೆ ಬಡಿಸಿಕೊಂಡವಳ ಹಾಗೆ ನಟಿಸುವುದು ಅವಳ ಯೋಚನೆ. ಆದರೆ ಆ ಕೋಣೆಯ ಬಾಗಿಲು ನಮ್ಮ ಮನೆಯದ್ದಕ್ಕಿಂತಲೂ ತಗ್ಗು ಎಂದು ಅವಳಿಗೆ ಗೊತ್ತಿರಲಿಲ್ಲ. ಠಪ್ ಎಂದು ನಿಜವಾಗಿಯೂ ಬಡಿಯಿತು. ಟೊಪ್ಪಿ ಹಾರಿ ಕೊಳದ ಹಂಸದ ಬುಡದಲ್ಲಿ ಬಿತ್ತು. ಅಕ್ಕ ಹಣೆ ಹಿಡಿದುಕೊಂಡು, ನಟನೆಯೋ ನೋವೋ ತಿಳಿಯದ ಸ್ವರದಲ್ಲಿ, ಥೇಟ್ ಅಪ್ಪನ ಹಾಗೆಯೇ ಬಾಗಿಲಿಗೆ ಹೇಳಿದಳು: "ಎಂತ ಮಾರಾಯ, ನಿನಗೆ ಇನ್ನೂ ಬುದ್ಧಿ ಬರಲಿಲ್ಲವಾ?"

ಅಷ್ಟು ಕೇಳಿದ್ದೇ ಅಜ್ಜಿ ಎಲ್ಲಿದ್ದೇವೆ ಎಂಬುದನ್ನೇ ಮರೆತರು. ಕುರ್ಚಿಯಿಂದ ಅರ್ಧ ಎದ್ದು ಬಾಗಿಲಿನ ಕಡೆಗೆ ಕೈ ಚಾಚಿ, "ದಾರಂದಕ್ಕೆ ಎಂತ ಆಯಿತು?" ಎಂದರು. ಎಂದವರೇ ತಾವೇ ನಕ್ಕುಬಿಟ್ಟರು, ನಾಲ್ಕು ಕೆಂಪು ಹಲ್ಲುಗಳೂ ಕಾಣುವ ಹಾಗೆ. ಅಮ್ಮ ಕುರ್ಚಿ ಹಿಡಿದುಕೊಂಡು ನಕ್ಕರು. ಪತ್ರ ಬಂದಂದಿನಿಂದ ಅಮ್ಮ ಹಾಗೆ ನಕ್ಕಿರಲಿಲ್ಲ. ನಾನು ತುಟಿ ಬಿಗಿದದ್ದು, ಕೆನ್ನೆ ಉಬ್ಬಿಸಿದ್ದು ಎಲ್ಲ ಮರೆತು ಗೇಟಿಲ್ಲದ ಕಂಪೌಂಡನ್ನು ಪೂರ್ತಿ ತೆರೆದು ನಕ್ಕೆ.

ಆಗಲೇ ಆ ಸದ್ದು ಬಂತು. ಎಲ್ಲರೂ ತಿರುಗಿ ನೋಡಿದರೆ ಫೋಟೋದವರು ಗುಂಡನ್ನು ಹಿಡಿದ ತಮ್ಮ ಕೈಯನ್ನೇ ನೋಡುತ್ತಿದ್ದರು. ಅವರಿಗೂ ನಗು ತಡೆದಿರಲಿಲ್ಲ, ನಗುತ್ತಾ ನಗುತ್ತಾ ಒತ್ತಿಬಿಟ್ಟಿದ್ದರು.

"ಅಯ್ಯೋ ಮಗಳೇ" ಎಂದರು. "ಇಂಥ ನಗು ಈ ಕೋಣೆಯಲ್ಲಿ ನಾನು ನೋಡಿಯೇ ಇರಲಿಲ್ಲ. ಕೈ ತನ್ನಷ್ಟಕ್ಕೆ ಒತ್ತಿತು. ನಿನ್ನನ್ನು ಬಿಟ್ಟು ತೆಗೆದೆನಲ್ಲ!"

ಪ್ಲೇಟು ಮುಗಿದಿತ್ತು. ಅಕ್ಕ ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿದಳು. ಕೋಟಿನ ಭಾರಕ್ಕೆ ಅವಳ ಬುಗ್ಗೆ ತೋಳುಗಳು ಅಪ್ಪಚ್ಚಿಯಾಗಿದ್ದವು. ಅವಳು ಅದನ್ನು ಎಳೆದೆಳೆದು ಸರಿಮಾಡುತ್ತಾ ನಿಂತಳು.

ಮಧ್ಯಾಹ್ನದ ಹೊತ್ತಿಗೆ ಫೋಟೋದವರು ಎರಡು ಪ್ಲೇಟುಗಳನ್ನೂ ತೊಳೆದು ತಂದು ಕಿಟಕಿಯ ಬೆಳಕಿಗೆ ಹಿಡಿದರು. ಅದರಲ್ಲಿ ಎಲ್ಲವೂ ತಿರುಗುಮುರುಗು. ನಮ್ಮ ಮುಖ ಕಪ್ಪು, ಹಲ್ಲು ಕಪ್ಪು, ಕೂದಲು ಬಿಳಿ. ಎಂಟು ವರ್ಷಕ್ಕೇ ನನ್ನ ತಲೆ ನರೆತಿತ್ತು! ನಾನು ಕುಣಿದಾಡಿದೆ. "ಇನ್ನು ಪ್ರಿಂಟ್ ಹಾಕಿದರೆ ಆಯಿತು, ಎರಡನ್ನೂ ಕೊಡುತ್ತೇನೆ" ಎಂದು ಅವರು ಒಳಗೆ ಹೋದರು. ಅವರು ಒಳಗೆ ಹೋದದ್ದೇ ಕರೆಂಟು ಹೋಯಿತು. ಪ್ರಿಂಟ್ ಹಾಕುವ ಯಂತ್ರಕ್ಕೆ ಕರೆಂಟು ಬೇಕೇಬೇಕು.

ಕಾಯುವ ಹೊತ್ತಿಗೆ ಕೆಳಗಿನ ಹೋಟೆಲಿಗೆ ಹೋಗಿ ಬನ್ಸ್ ತಿಂದೆವು. ಗಲ್ಲಾದಲ್ಲಿ ಕೂತವರು ಹೋಗುವವರನ್ನೂ ಬರುವವರನ್ನೂ ನೋಡಿ ನಗುತ್ತಿದ್ದರು, ಕಣ್ಣು ಒಳಗಿನ ಸಪ್ಲೈಯರ್‌ನ ಮೇಲಿತ್ತು. "ದೇಶಾವರಿ" ಎನ್ನಲು ಬಾಯಿ ತೆರೆದವನು ಮುಚ್ಚಿದೆ. ಅಪ್ಪ ಹೀಗೆಯೇ ಕೂರುತ್ತಾರೆ, ದಿನವಿಡೀ ಹೀಗೆಯೇ ನಗುತ್ತಾರೆ, ಇನ್ನು ಮೂರು ವರ್ಷ ಗುರುತಿಲ್ಲದ ಊರಿನಲ್ಲಿ ಹೀಗೆಯೇ ನಗಬೇಕು. ಅಪ್ಪನಿಗೆ ಕೆನ್ನೆ ನೋಯುವುದಿಲ್ಲವಾ ಎಂದು ಮೊದಲ ಸಲ ಅನ್ನಿಸಿತು. ಏಳುವಾಗ ನಾನು ಆ ಗಲ್ಲಾದವರಿಗೆ ಇದ್ದ ಹಲ್ಲನ್ನೆಲ್ಲ ತೋರಿಸಿ ನಕ್ಕೆ. ಅವರು ಸಪ್ಲೈಯರ್‌ನನ್ನು ಬಿಟ್ಟು ನನ್ನನ್ನು ನೋಡಿದರು. ಗೇಟಿಲ್ಲದ ಬಾಯಿಗೆ ಅವರ ಕಣ್ಣೂ ನಕ್ಕಿತು.

ಮೂರು ಗಂಟೆಯಾಯಿತು, ಮೂರೂವರೆಯಾಯಿತು, ಕರೆಂಟಿನ ಸುಳಿವಿಲ್ಲ. ಬೊಂಬಾಯಿ ಬಸ್ಸು ಐದಕ್ಕೆ. ಅಮ್ಮ ಕಿಟಕಿಗೂ ಬಾಗಿಲಿಗೂ ನಡೆದಾಡುತ್ತಿದ್ದರು, ಅಜ್ಜಿ ಊರಿನ ದೇವರಿಗೆ ಹರಕೆ ಹೇಳಿಕೊಳ್ಳುತ್ತಿದ್ದರು. ನಾಲ್ಕು ಗಂಟೆ ಹೊಡೆದ ಮೇಲೆ ಬಲ್ಬು ಹೊತ್ತಿಕೊಂಡಿತು. ನಾನು "ಬಂತೂ!" ಎಂದು ಕಿರುಚಿದ್ದು ಬಸ್‌ಸ್ಟ್ಯಾಂಡಿಗೆ ಕೇಳಿಸಿರಬೇಕು.

ಫೋಟೋದವರು ಗಡಿಯಾರ ನೋಡಿದರು. "ತೊಳೆದು ಒಣಗಿಸಬೇಕು ಅಮ್ಮ. ಬಸ್ಸಿನ ಮೊದಲು ಒಂದೇ ಆಗುತ್ತದೆ. ಯಾವುದನ್ನು ಹಾಕಲಿ?"

ಅಮ್ಮ ತಡಮಾಡದೆ, "ಮೊದಲಿನದ್ದು" ಎಂದರು. "ಮೂರು ವರ್ಷಕ್ಕೆ ಹೋಗುವವರಿಗೆ ಮಗಳೇ ಇಲ್ಲದ ಫೋಟೋ ಕಳಿಸುವುದೆಂತ? ದೇಶಾವರಿಯಾದರೂ ಆಗಲಿ, ನಾಲ್ಕು ಜನ ಇದ್ದೇವಲ್ಲ." ಅಜ್ಜಿಯೂ ಹೌದೆಂದರು. ನಾನೂ ತಲೆಯಾಡಿಸಿದೆ. ನಿಜ ಹೇಳುತ್ತೇನೆ, ನನ್ನ ಬಾಯಿ ಮುಚ್ಚಿದ್ದ ಫೋಟೋ ಅದು ಎಂಬ ಸ್ವಾರ್ಥವೂ ನನಗಿತ್ತು.

ಅಕ್ಕ ಎರಡೂ ಪ್ಲೇಟುಗಳನ್ನು ಮತ್ತೊಮ್ಮೆ ಕಿಟಕಿಗೆ ಹಿಡಿದು ನೋಡಿದಳು. ಮೊದಲನೆಯದರಲ್ಲಿ ಅವಳ ರವಕೆಯ ತೋಳು, ಲೇಸು ಎಲ್ಲ ಸ್ಪಷ್ಟವಾಗಿತ್ತು. ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎರಡನೆಯದನ್ನು ಫೋಟೋದವರ ಕೈಗೆ ಕೊಟ್ಟಳು.

"ಅಪ್ಪ ಕೇಳಿದ್ದು ನಗು. ಇದನ್ನೇ ಹಾಕಿ" ಎಂದಳು. ಅಮ್ಮ ಏನೋ ಹೇಳಲು ಹೋದರು. "ಬೇಡ ಅಮ್ಮ. ಇನ್ನು ಮಾತಾಡುತ್ತಾ ಕೂತರೆ ಒಂದೂ ಆಗುವುದಿಲ್ಲ."

ಪ್ರಿಂಟ್ ಹೊರಗೆ ಬರುವಾಗ ಐದಕ್ಕೆ ಹತ್ತು ನಿಮಿಷ. ಇನ್ನೂ ಪೂರ್ತಿ ಒಣಗಿರಲಿಲ್ಲ. ಎರಡು ಒತ್ತು ಕಾಗದಗಳ ನಡುವೆ ಇಟ್ಟು ಕೊಟ್ಟರು. ಅಜ್ಜಿಯನ್ನು ಕರೆದುಕೊಂಡು ಅಮ್ಮ ನಿಧಾನಕ್ಕೆ ಬರಲಿ ಎಂದು ಅಕ್ಕ ಮತ್ತು ನಾನು ಮೆಟ್ಟಿಲಿಳಿದು ಓಡಿದೆವು. ಅಕ್ಕ ಫೋಟೋವನ್ನು ಎರಡೂ ಅಂಗೈಗಳ ಮೇಲೆ ಚಪ್ಪಟೆಯಾಗಿ ಹಿಡಿದುಕೊಂಡಿದ್ದಳು. ನಾನು ಮುಂದಿನಿಂದ "ದಾರಿ ಬಿಡಿ, ದಾರಿ ಬಿಡಿ!" ಎಂದು ಕೂಗುತ್ತಾ ಓಡಿದೆ. ಬಾಳೆಹಣ್ಣಿನ ಗಾಡಿ, ರಿಕ್ಷಾ, ದನ, ಎಲ್ಲ ದಾಟಿದೆವು. ನಾವು ಮುಟ್ಟುವಾಗ ಬಸ್ಸು ಹೊಗೆ ಬಿಡುತ್ತಾ ಹಿಂದೆ ಹಿಂದೆ ಸರಿಯುತ್ತಿತ್ತು. ಪಕ್ಕದ ಮನೆಯ ಅಣ್ಣ ಕಿಟಕಿಯಿಂದ ಅರ್ಧ ದೇಹ ಹೊರಹಾಕಿ ನಮ್ಮನ್ನೇ ಹುಡುಕುತ್ತಿದ್ದ. ಅಕ್ಕ ಕಾಲ ತುದಿಯಲ್ಲಿ ನಿಂತು ಕೈ ಎತ್ತಿದಳು, ಅಣ್ಣ ಬಗ್ಗಿ ಹಿಡಿದುಕೊಂಡ.

"ಒದ್ದೆ ಉಂಟು, ಮಡಚಬೇಡ!" ಎಂದು ಅಕ್ಕ ಕೂಗಿದಳು. ಬಸ್ಸು ತಿರುಗಿ ಹೋಯಿತು. ನಾನು ಗೆದ್ದೆವೆಂದು ಎಗರುತ್ತಿದ್ದೆ. ಪಕ್ಕದಲ್ಲಿ ನೋಡಿದರೆ ಅಕ್ಕ ಅಳುತ್ತಿದ್ದಳು. ಹಣೆಯಲ್ಲಿ ಬಾಗಿಲು ಬಡಿದ ಜಾಗ ಗೋಲಿಯ ಹಾಗೆ ಊದಿಕೊಂಡಿತ್ತು. "ನೋವಾಗುತ್ತದಾ ಅಕ್ಕ?" ಎಂದು ಕೇಳಿದೆ. "ಹೌದು" ಎಂದಳು. ಎಲ್ಲಿ ಎಂದು ನಾನು ಕೇಳಲಿಲ್ಲ. ಅವಳ ಕೈ ಹಿಡಿದುಕೊಂಡೆ, ಅಷ್ಟೇ.

ಒಂದೂವರೆ ತಿಂಗಳ ಮೇಲೆ ದುಬೈಯಿಂದ ಪತ್ರ ಬಂತು. ಅಮ್ಮ ಜಗಲಿಯಲ್ಲಿ ಕೂತರು. ಮಗಳು ಎಲ್ಲಿ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ ಎಂಬ ಹೆದರಿಕೆ ನಮಗೆಲ್ಲ. ಅಕ್ಕ ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಅಪ್ಪ ಬರೆದಿದ್ದರು: "ಫೋಟೋ ಹಾಸಿಗೆಯ ಪಕ್ಕದಲ್ಲಿ ಇಟ್ಟಿದ್ದೇನೆ. ನನ್ನಮ್ಮನ ಕೈ ದಾರಂದಕ್ಕೆ ಚಾಚಿದ್ದು ಎಂದು ಗೊತ್ತಾಯಿತು. ಚಿಕ್ಕವನ ಹಲ್ಲು ಬಿದ್ದದ್ದನ್ನು ಇಲ್ಲಿ ಎಲ್ಲರಿಗೂ ತೋರಿಸಿದೆ. ಫೋಟೋದಲ್ಲಿ ನಾಲ್ಕು ಜನ ಇದ್ದೀರಿ. ಮೂವರು ಕಾಣುತ್ತೀರಿ, ಒಬ್ಬಳು ಆ ಮೂವರ ಮುಖದಲ್ಲಿ ಕಾಣುತ್ತಾಳೆ. ನನ್ನ ಮಗಳನ್ನು ನೋಡಿಯೇ ನೀವು ಹೀಗೆ ನಗುತ್ತಿರುವುದು ಎಂದು ನನಗೆ ತ್ಯಾಂಪಣ್ಣ ಹೇಳಬೇಕಾಗಿಲ್ಲ." ತ್ಯಾಂಪಣ್ಣ ಎಂದರೆ ಯಾರೆಂದು ಕೇಳಬೇಡಿ, ಯಾರೋ ಹೊರಗಿನವರು ಎನ್ನುವುದಕ್ಕೆ ಅಪ್ಪ ಇಟ್ಟುಕೊಂಡ ಹೆಸರು ಅದು. ಬಾಗಿಲ ಸಂದಿಯಿಂದ ಮೂಗು ಎಳೆದುಕೊಂಡ ಸದ್ದು ಕೇಳಿತು.

ಮೊದಲನೆಯ ಫೋಟೋದ ಪ್ರಿಂಟ್ ಆಮೇಲೆ ಸಿಕ್ಕಿತು. ಎರಡೇ ಮಳೆಗಾಲದಲ್ಲಿ ಕಡಲ ತೇವಕ್ಕೆ ಬೂಸ್ಟು ಹಿಡಿದು ಹಾಳಾಯಿತು. ಹಾಗಾಗಿ ಆ ದಿನದ ಅಕ್ಕ, ಅವಳ ಬುಗ್ಗೆ ತೋಳಿನ ರವಕೆ ಈಗ ಯಾವ ಫೋಟೋದಲ್ಲಿಯೂ ಇಲ್ಲ. ಮೂರು ವರ್ಷದ ಮೇಲೆ ಅಪ್ಪ ಬಂದಾಗ ಪೆಟ್ಟಿಗೆಯಲ್ಲಿ ಆ ಎರಡನೆಯ ಫೋಟೋ ಇತ್ತು. ಒಳಗೆ ಬರುವಾಗ ಹಣೆ ಬಡಿಸಿಕೊಂಡರು ಎಂದು ಬೇರೆ ಹೇಳಬೇಕಾಗಿಲ್ಲ.

ಈಗ ನಿಮ್ಮ ಕಾಲ. ನೀವು ಮಲ್ಪೆಗೆ ಹೋದರೆ ಒಂದು ಸಂಜೆಯಲ್ಲಿ ನಾನೂರು ಫೋಟೋ. ಮೊಬೈಲು ಎತ್ತಿದ ಕೂಡಲೇ ಕಿವಿಯಿಂದ ಕಿವಿಗೆ ನಗು, ಇಳಿಸಿದ ಕೂಡಲೇ ಆ ನಗು ಎಲ್ಲಿ ಹೋಯಿತೋ! ನಿಮ್ಮ ಮಾಸ್ಟ್ರು ಕೇಳಿದರೆ ದೇಶಾವರಿ ನಗುವಿಗೆ ಉದಾಹರಣೆ ಹುಡುಕಲು ಉಡುಪಿಗೆ ಬಸ್ಸು ಹತ್ತಬೇಕಾಗಿಲ್ಲ. ಆದರೆ ನಾನು ನಿಮ್ಮನ್ನು ಬೈಯುವಂತಿಲ್ಲ. ಕಾರಣ ಹೋದ ವಾರ ನಡೆದದ್ದು.

ಮನೆಗೆ ಸುಣ್ಣ ಬಳಿದು ಮುಗಿದು, ನಾನು ಸ್ಟೂಲು ಹತ್ತಿ ಆ ಫೋಟೋವನ್ನು ಮತ್ತೆ ಗೋಡೆಗೆ ಸಿಕ್ಕಿಸುತ್ತಿದ್ದೆ. ನಿಮ್ಮ ಕಾರ್ಕಳದ ಅಜ್ಜಿ, ಎಂದರೆ ನನ್ನ ಅಕ್ಕ, ಅವತ್ತು ಬಂದಿದ್ದಳು. ಫೋಟೋದ ಬಲಬದಿಗೆ ಗೋಡೆಗೆ ಒರಗಿ ನಿಂತು, ಬಾಗಿಲು ಬಡಿದದ್ದನ್ನು ನನಗೆ ನೆನಪಿಸುತ್ತಾ ಹಣೆ ಹಿಡಿದುಕೊಂಡು ತಾನೇ ನಗುತ್ತಿದ್ದಳು. ನಿಮ್ಮಲ್ಲಿ ಯಾರೋ ಒಬ್ಬರು "ಸ್ಮೈಲ್" ಎನ್ನದೆ, ಯಾರಿಗೂ ಹೇಳದೆ, ಒಂದು ಫೋಟೋ ತೆಗೆದು ನನ್ನ ಮೊಬೈಲಿಗೆ ಕಳಿಸಿದಿರಿ.

ಅದನ್ನು ನಾನು ದಿನವೂ ನೋಡುತ್ತೇನೆ. ಗೋಡೆಯ ಮೇಲೆ ಅಜ್ಜಿ, ಅಮ್ಮ, ಹಲ್ಲಿಲ್ಲದ ನಾನು, ಮೂವರೂ ಬಲಕ್ಕೆ ತಿರುಗಿ ನಗುತ್ತಿದ್ದೇವೆ. ಬಲಕ್ಕೆ ಅಕ್ಕ ನಿಂತಿದ್ದಾಳೆ.